ಕಾದಂಬರಿ ತುಂಬುವ ಖಾಲಿ ಜಾಗ ಯಾವುದು?

ಕಡಲಲ್ಲಿ ಕಾಣೆಯಾದ ಹಡಗುಗಳನ್ನು ಆಧರಿಸಿದ ಸಾಹಸ ಕಾದಂಬರಿಗಳ ಬಗ್ಗೆ ಮಾತು ಬಂದಾಗಲೆಲ್ಲ ಅವುಗಳ ಪರವಾಗಿ ಒಂದು ವಾದ ಹೊರಡುತ್ತದೆ: ಇತಿಹಾಸಕಾರ ಎಲ್ಲಿ ಕೈಚೆಲ್ಲುತ್ತಾನೋ ಅಲ್ಲಿಂದ ಕಾದಂಬರಿಕಾರನ ಕೆಲಸ ಶುರು, ದಾಖಲೆಗಳು ಬಿಟ್ಟ ಖಾಲಿ ಜಾಗವನ್ನು ಕಲ್ಪನೆ ತುಂಬುತ್ತದೆ. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನೆಲದ ಮೇಲೆ ಅನಾಹುತವಾದರೆ ಹೆಣ ಸಿಗುತ್ತದೆ, ಹೆಜ್ಜೆ ಗುರುತು ಸಿಗುತ್ತದೆ, ಪಕ್ಕದ ಮನೆಯವರಾದರೂ ಏನೋ ಕೇಳಿಸಿಕೊಂಡಿರುತ್ತಾರೆ. ಕಡಲು ಇದಾವುದನ್ನೂ ಉಳಿಸುವುದಿಲ್ಲ. ಹಡಗು, ಅದರ ಲಾಗ್ ಪುಸ್ತಕ, ಅದನ್ನು ಬರೆದವನು, ಓದಬೇಕಾದವನು ಎಲ್ಲರೂ ಒಟ್ಟಿಗೇ ಮುಳುಗುತ್ತಾರೆ. ಹೀಗಿರುವಾಗ ಹಡಗಿನ ನಕ್ಷೆ ತರಿಸಿ, ಅಂದಿನ ಹವಾಮಾನ ವರದಿ ತಿರುವಿ, ಗೊತ್ತಿರುವ ಯಾವ ಸಂಗತಿಗೂ ಅಡ್ಡ ಹೋಗದೆ, ಗೊತ್ತಿಲ್ಲದ್ದನ್ನು ಮಾತ್ರ ಊಹಿಸಿ ಬರೆಯುವ ಲೇಖಕನ ಮೇಲೆ ತಕರಾರು ಏನು? ಅವನು ಸುಳ್ಳು ಹೇಳುತ್ತಿಲ್ಲ, ಸತ್ಯ ಇಲ್ಲದ ಕಡೆ ಒಂದು ಸಾಧ್ಯತೆಯನ್ನು ಇಡುತ್ತಿದ್ದಾನೆ. ಮರೆತುಹೋದವರಿಗೆ ಮುಖ ಕೊಡುತ್ತಿದ್ದಾನೆ. ಇತಿಹಾಸದ ಪಠ್ಯ ಮುಟ್ಟದ ಸಾವಿರಾರು ಓದುಗರು ಅವನ ಪುಸ್ತಕದಿಂದ ಇತಿಹಾಸಕ್ಕೆ ಬರುತ್ತಾರೆ. ಇದು ಆ ವಾದದ ಪೂರ್ಣ ರೂಪ. ಬಹುತೇಕ ಓದುಗರು, ವಿಮರ್ಶಕರು ಕೂಡ, ಇದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತಾರೆ.

ಈ ಕಾದಂಬರಿಗಳ ಮೇಲೆ ನನಗೆ ದ್ವೇಷವಿಲ್ಲ, ಪ್ರೀತಿಯಿಂದಲೇ ಓದಿದ್ದೇನೆ. ಆದರೆ ಅವುಗಳ ಪರವಾಗಿ ಹೂಡುವ ಈ ವಾದ ಬುಡದಲ್ಲೇ ಗೊಂದಲದ್ದು ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಖಾಲಿ ಜಾಗ ಮೊದಲೇ ಇತ್ತು, ಲೇಖಕ ಆಮೇಲೆ ಬಂದ ಎಂದು ಅದು ಭಾವಿಸಿಕೊಂಡಿದೆ. ಪ್ರಸಿದ್ಧ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಚಿತ್ರ ಬೇರೆಯೇ ಕಾಣುತ್ತದೆ. ನಾವು ಒಂದೇ ಹೆಸರಿನಿಂದ ಕರೆಯುವ ಈ ಖಾಲಿತನದಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿವೆ:

1. ನಿಜವಾಗಿ ಯಾರಿಗೂ ಏನೂ ಗೊತ್ತಾಗದ ಸ್ಥಿತಿ. ಹಡಗು ಹೋಯಿತು, ಒಬ್ಬರೂ ಉಳಿಯಲಿಲ್ಲ, ಅವಶೇಷವೂ ಸಿಗಲಿಲ್ಲ.

2. ಗೊತ್ತಿದ್ದವರು ಇದ್ದರು, ಹೇಳಿದರು ಕೂಡ. ಆದರೆ ಕೇಳಬೇಕಾದವರು ನಂಬಲಿಲ್ಲ.

3. ಸಾಕಷ್ಟು ದಾಖಲೆ ಮೊದಲಿನಿಂದಲೂ ಇತ್ತು. ಆಮೇಲೆ ಬಂದ ಕಥೆಗಳು ಅದನ್ನು ಮುಚ್ಚಿಹಾಕಿ, ಅಲ್ಲಿ ಏನೂ ಇರಲಿಲ್ಲವೆಂಬ ಭಾವನೆ ಹುಟ್ಟಿಸಿದವು.

ಖಾಲಿ ಜಾಗ ತುಂಬುವ ಮಾತು ಮೊದಲನೆಯ ಸ್ಥಿತಿಗೆ ಮಾತ್ರ ಹೊಂದುತ್ತದೆ. ಆದರೆ ಜಗತ್ತಿನ ಹೆಸರಾಂತ ಕಡಲ ನಿಗೂಢಗಳಲ್ಲಿ ಹಲವು ಎರಡನೆಯ, ಮೂರನೆಯ ಸಾಲಿಗೆ ಸೇರಿದವು.

ಮೂರನೆಯದರಿಂದ ಶುರುಮಾಡೋಣ, ಏಕೆಂದರೆ ಅದಕ್ಕೆ ಮೇರಿ ಸೆಲೆಸ್ಟ್‌ಗಿಂತ ಸ್ಪಷ್ಟ ಉದಾಹರಣೆ ಇಲ್ಲ. ದೆವ್ವದ ಹಡಗು ಎಂದೇ ಅದು ನಮಗೆ ಪರಿಚಿತ: ಮೇಜಿನ ಮೇಲೆ ಆರದ ಚಹಾ, ಅರ್ಧ ತಿಂದ ತಿಂಡಿ, ಎಲ್ಲ ದೋಣಿಗಳೂ ತಮ್ಮ ಜಾಗದಲ್ಲಿ, ಮನುಷ್ಯರು ಮಾತ್ರ ಮಾಯ. ದಾಖಲೆ ಹೇಳುವುದೇ ಬೇರೆ. ಈ ಅಮೆರಿಕನ್ ಹಡಗು 1872ರ ನವೆಂಬರ್ 7ರಂದು ನ್ಯೂಯಾರ್ಕಿನಿಂದ ಇಟಲಿಯ ಜಿನೋವಾಕ್ಕೆ ಹೊರಟಿತು. ಒಡಲಲ್ಲಿ 1,701 ಪೀಪಾಯಿ ಕೈಗಾರಿಕಾ ಮದ್ಯಸಾರ. ಹಡಗಿನಲ್ಲಿದ್ದವರು ಕ್ಯಾಪ್ಟನ್ ಬೆಂಜಮಿನ್ ಬ್ರಿಗ್ಸ್, ಅವನ ಹೆಂಡತಿ ಸಾರಾ, ಎರಡು ವರ್ಷದ ಮಗಳು ಸೋಫಿಯಾ, ಏಳು ಮಂದಿ ನಾವಿಕರು. ಡಿಸೆಂಬರ್ ಮೊದಲ ವಾರ ಅಜೋರ್ಸ್ ದ್ವೀಪಗಳಿಗೂ ಪೋರ್ಚುಗಲ್ಲಿಗೂ ನಡುವೆ ದೇಯಿ ಗ್ರಾಟಿಯಾ ಎಂಬ ಹಡಗಿನವರು ಅದನ್ನು ಕಂಡರು. ಹತ್ತಿ ನೋಡಿದ ಮೇಟ್ ಆಲಿವರ್ ಡೆವೊ ತಾನು ಕಂಡದ್ದನ್ನೆಲ್ಲ ಜಿಬ್ರಾಲ್ಟರಿನ ನ್ಯಾಯಾಲಯದ ಮುಂದೆ ಪ್ರಮಾಣ ಮಾಡಿ ಹೇಳಿದ. ಹಡಗಿನಲ್ಲಿದ್ದ ಒಂದೇ ದೋಣಿ ಅಲ್ಲಿರಲಿಲ್ಲ. ಕ್ರೊನೊಮೀಟರ್, ಸೆಕ್ಸ್‌ಟೆಂಟ್, ಹಡಗಿನ ಕಾಗದಪತ್ರ ಇರಲಿಲ್ಲ. ಒಡಲಲ್ಲಿ ಸುಮಾರು ಮೂರೂವರೆ ಅಡಿ ನೀರಿತ್ತು. ಎರಡು ಪಂಪುಗಳಲ್ಲಿ ಒಂದನ್ನು ಬಿಚ್ಚಿಡಲಾಗಿತ್ತು. ಒಡಲಿನ ನೀರಿನ ಆಳ ನೋಡುವ ಅಳತೆಗೋಲು ಡೆಕ್ಕಿನ ಮೇಲೆ ಬಿದ್ದಿತ್ತು. ಎರಡು ಮುಚ್ಚಳಗಳು ತೆರೆದಿದ್ದವು. ಲಾಗ್‌ನ ಕೊನೆಯ ನಮೂದು ನವೆಂಬರ್ 25ರದು, ಅಜೋರ್ಸ್‌ನ ಸಾಂತಾ ಮರಿಯಾ ದ್ವೀಪದ ಹತ್ತಿರ.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿ. ಇದು ಮಾಯವಾದವರ ಕುರುಹಲ್ಲ, ಅವಸರದಲ್ಲಿ ದೋಣಿಗೆ ಇಳಿದವರ ಕುರುಹು. ದಾರಿ ತಿಳಿಯಲು ಬೇಕಾದ ಉಪಕರಣಗಳನ್ನು ಕ್ಯಾಪ್ಟನ್ ಜತೆಗೆ ಒಯ್ದಿದ್ದಾನೆ ಎಂದರೆ ಹಡಗು ಬಿಡುವ ನಿರ್ಧಾರವನ್ನು ಅವನೇ, ಎಚ್ಚರದಲ್ಲೇ, ತೆಗೆದುಕೊಂಡಿದ್ದಾನೆ. ಏಕೆ ಎಂಬುದಕ್ಕೆ ಎರಡು ಮುಖ್ಯ ಊಹೆಗಳಿವೆ. ಜಿನೋವಾದಲ್ಲಿ ಸರಕು ಇಳಿಸಿದಾಗ ಒಂಬತ್ತು ಪೀಪಾಯಿ ಖಾಲಿಯಾಗಿದ್ದವು. ಸೋರಿದ ಮದ್ಯಸಾರದ ಆವಿ ಒಡಲಲ್ಲಿ ತುಂಬಿ ಸ್ಫೋಟವಾಯಿತು, ಇಲ್ಲವೇ ಆಗುತ್ತದೆಂಬ ಭಯ ಹುಟ್ಟಿತು ಎಂಬುದು ಒಂದು. ಅಂಥ ಸ್ಫೋಟ ಮರಕ್ಕೆ ಸುಟ್ಟ ಗುರುತನ್ನೂ ಉಳಿಸದೆ ಆಗಿಹೋಗಬಹುದು ಎಂದು 2006ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ಆಂಡ್ರಿಯಾ ಸೆಲ್ಲಾ ಪ್ರಯೋಗ ಮಾಡಿ ತೋರಿಸಿದರು. ಇನ್ನೊಂದು ಊಹೆ ಪಂಪಿನದು: ಪಂಪು ಕಟ್ಟಿಕೊಂಡು, ಒಡಲಲ್ಲಿ ಎಷ್ಟು ನೀರಿದೆ ಎಂಬ ಅಂದಾಜು ತಪ್ಪಿ, ಹಡಗು ಮುಳುಗುತ್ತಿದೆ ಎಂದೇ ಕ್ಯಾಪ್ಟನ್ ನಂಬಿರಬಹುದು. ಬಿಚ್ಚಿಟ್ಟ ಪಂಪು, ಕೈಗೆ ಸಿಗುವಂತೆ ಬಿದ್ದಿದ್ದ ಅಳತೆಗೋಲು ಇದಕ್ಕೆ ಒತ್ತು ಕೊಡುತ್ತವೆ. ಎರಡರಲ್ಲಿ ಯಾವುದು ಸರಿ ಎಂಬುದು ತೀರ್ಮಾನವಾಗಿಲ್ಲ. ಆದರೆ ಎರಡೂ ಒಂದೇ ಕಡೆ ಕೈ ತೋರುತ್ತವೆ. ಅನುಭವಿಯೊಬ್ಬ, ಹೆಂಡತಿ ಮಗುವಿನ ಜೀವ ತನ್ನ ಮೇಲಿದ್ದಾಗ, ಕಣ್ಣೆದುರಿನ ಲಕ್ಷಣ ನೋಡಿ ತೆಗೆದುಕೊಂಡ ನಿರ್ಧಾರ ತಪ್ಪಾಯಿತು. ಹತ್ತು ಜನ ಬಿಟ್ಟು ಇಳಿದ ಆ ಹಡಗನ್ನು ಡೆವೊ ಮತ್ತಿಬ್ಬರು ನಾವಿಕರು, ಮೂವರೇ, ಜಿಬ್ರಾಲ್ಟರಿನವರೆಗೆ ನಡೆಸಿಕೊಂಡು ಬಂದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ಅತ್ಯಂತ ನೋವಿನ ಸಂಗತಿ ಇದು, ಮತ್ತು ಇದಕ್ಕೆ ಯಾವ ದೆವ್ವವೂ ಬೇಕಿಲ್ಲ.

ಹಾಗಾದರೆ ದೆವ್ವ ಬಂದದ್ದು ಎಲ್ಲಿಂದ? ಮೊದಲ ಹೆಜ್ಜೆ ಇಟ್ಟವನು ಜಿಬ್ರಾಲ್ಟರಿನ ಸರ್ಕಾರಿ ವಕೀಲ ಫ್ರೆಡರಿಕ್ ಸಾಲಿ ಫ್ಲಡ್. ಕೊಲೆ ನಡೆದಿದೆ ಎಂದು ಅವನು ಪಟ್ಟು ಹಿಡಿದ. ಹಡಗಿನಲ್ಲಿ ಸಿಕ್ಕ ಕತ್ತಿಯ ಮೇಲಿನ ಕಲೆ ರಕ್ತವೆಂದ, ಪರೀಕ್ಷೆ ಅದು ರಕ್ತವಲ್ಲ ಎಂದಿತು. ಎರಡನೆಯ ಹೆಜ್ಜೆ ಸಾಹಿತ್ಯದ್ದು. 1884ರ ಜನವರಿಯಲ್ಲಿ ಇನ್ನೂ ಹೆಸರು ಮಾಡಿರದ ಆರ್ಥರ್ ಕಾನನ್ ಡಾಯ್ಲ್ ಕಾರ್ನ್‌ಹಿಲ್ ಪತ್ರಿಕೆಯಲ್ಲಿ, ಲೇಖಕನ ಹೆಸರಿಲ್ಲದೆ, ಈ ಪ್ರಕರಣದ ಮೇಲೊಂದು ಕಥೆ ಪ್ರಕಟಿಸಿದ. ಬದುಕುಳಿದ ಪ್ರಯಾಣಿಕನೊಬ್ಬನ ಹೇಳಿಕೆಯ ರೂಪದಲ್ಲಿರುವ ಕಥೆ ಅದು. ಹಡಗಿನ ಹೆಸರು ಮೇರಿ ಹೋಗಿ ಮರೀ ಆಯಿತು. ಇಂದಿಗೂ ಅನೇಕರು ಬಳಸುವುದು ಆ ರೂಪವನ್ನೇ. ಅದಕ್ಕಿಂತ ದೊಡ್ಡ ಬದಲಾವಣೆ ಬೇರೆ ಇದೆ: ಅವನ ಕಥೆಯಲ್ಲಿ ದೋಣಿಗಳು ತಮ್ಮ ಜಾಗದಲ್ಲೇ ನೇತಾಡುತ್ತಿರುತ್ತವೆ. ಚಹಾ ತಿಂಡಿಗಳನ್ನು ಸೇರಿಸಿದ್ದು ಆಮೇಲಿನ ಕೈಗಳು. ಆದರೆ ನಿಗೂಢ ಹುಟ್ಟಿದ್ದು ದೋಣಿ ಮರಳಿ ಬಂದ ಕ್ಷಣದಲ್ಲಿ. ದೋಣಿ ಇಲ್ಲದಿದ್ದರೆ ಜನ ಇಳಿದು ಹೋದರು ಎಂಬ ಉತ್ತರ ಕಣ್ಣೆದುರೇ ಇರುತ್ತದೆ. ದೋಣಿ ಇದ್ದರೆ ಪವಾಡವೋ ಕೊಲೆಯೋ ಆಗಲೇಬೇಕು. ಅಂದರೆ ಇಲ್ಲಿ ಕಲ್ಪನೆ ಖಾಲಿ ಜಾಗವನ್ನು ತುಂಬಲಿಲ್ಲ. ತುಂಬಿದ್ದ ಜಾಗವನ್ನು ಖಾಲಿ ಮಾಡಿ, ಆಮೇಲೆ ತನಗೆ ಬೇಕಾದುದನ್ನು ಅಲ್ಲಿಟ್ಟಿತು. ಇಟ್ಟದ್ದೇನು ಎಂಬುದನ್ನೂ ಮರೆಯಬಾರದು. ಡಾಯ್ಲ್‌ನ ಖಳನಾಯಕ ಬಿಳಿಯರ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟ ಮಿಶ್ರ ಜನಾಂಗದ ಮನುಷ್ಯ. ಆ ಕಾಲದ ಇಂಗ್ಲಿಷ್ ಮಧ್ಯಮ ವರ್ಗದ ಭಯ ಅಟ್ಲಾಂಟಿಕ್ಕಿನ ನಡುವೆ ಹೋಗಿ ಕೂತಿತು. ಇಂಥ ಕಥೆಗಳ ಸಾಮಗ್ರಿ ಕಡಲಿನಿಂದ ಬರುವುದು ಅಪರೂಪ; ಅದು ದಡದಿಂದ, ದಡದವರ ಪೂರ್ವಗ್ರಹಗಳಿಂದ ಹಡಗು ಹತ್ತುತ್ತದೆ.

ಎರಡನೆಯ ಸ್ಥಿತಿಗೆ ಬಂದರೆ ವಿಷಯ ಇನ್ನೂ ಗಂಭೀರ. ಆರ್ಕ್ಟಿಕ್ ಮಾರ್ಗ ಹುಡುಕಲು 1845ರಲ್ಲಿ ಇಂಗ್ಲೆಂಡಿನಿಂದ ಹೊರಟ ಸರ್ ಜಾನ್ ಫ್ರಾಂಕ್ಲಿನ್‌ನ ಎರಡು ಹಡಗು, ಎರೆಬಸ್ ಮತ್ತು ಟೆರರ್, 129 ಜನರೊಂದಿಗೆ ಕಣ್ಮರೆಯಾದವು. ಇದರ ಮೇಲೆ ಬಂದಿರುವ ಕಾದಂಬರಿ, ನಾಟಕ, ಕವಿತೆಗಳಿಗೆ ಲೆಕ್ಕವಿಲ್ಲ. ಎಲ್ಲಕ್ಕೂ ಬೆನ್ನುಡಿಯಲ್ಲಿ ಸಿಗುವ ಮಾತು ಯಾರಿಗೂ ತಿಳಿಯದ ಅಂತ್ಯ ಎಂಬುದೇ. ತಿಳಿದವರಿದ್ದರು. 1854ರಲ್ಲಿ ಜಾನ್ ರೇ ಎಂಬ ಸ್ಕಾಟ್ ವೈದ್ಯ ಅಲ್ಲಿನ ಇನ್ಯುಯಿಟ್ ಜನರಿಂದ ಕೇಳಿ ತಿಳಿದದ್ದನ್ನು ಲಂಡನ್ನಿಗೆ ವರದಿ ಮಾಡಿದ: ಹಸಿದ ಬಿಳಿಯರು ಹಡಗು ಬಿಟ್ಟು ದಕ್ಷಿಣಕ್ಕೆ ನಡೆದರು, ದಾರಿಯಲ್ಲಿ ಸತ್ತರು, ಕೊನೆಗೆ ಸತ್ತವರ ಮಾಂಸ ತಿಂದರು. ಫ್ರಾಂಕ್ಲಿನ್‌ನ ವಸ್ತುಗಳನ್ನೂ ಅವನು ಇನ್ಯುಯಿಟರಿಂದ ಕೊಂಡು ತಂದಿದ್ದ. ಇಂಗ್ಲೆಂಡು ಸಿಡಿದೆದ್ದಿತು. ಚಾರ್ಲ್ಸ್ ಡಿಕನ್ಸ್ ತನ್ನ ವಾರಪತ್ರಿಕೆಯಲ್ಲಿ ಉದ್ದದ ಲೇಖನ ಬರೆದು, ಇಂಗ್ಲಿಷ್ ನಾವಿಕರು ಅಂಥ ಕೆಲಸ ಮಾಡುವವರಲ್ಲ, ಆ ಕಾಡುಜನರೇ ಅವರನ್ನು ಕೊಂದಿರಬಹುದು ಎಂಬರ್ಥದಲ್ಲಿ ವಾದಿಸಿದ. ಮುಂದೆ ವಿಲ್ಕಿ ಕಾಲಿನ್ಸ್ ಬರೆದ ಆರ್ಕ್ಟಿಕ್ ನಾಟಕದಲ್ಲಿ, ಪ್ರತಿಸ್ಪರ್ಧಿಯನ್ನು ಉಳಿಸಲು ಪ್ರಾಣ ಕೊಡುವ ನಾಯಕನ ಪಾತ್ರವನ್ನು ಡಿಕನ್ಸ್ ತಾನೇ ಆಡಿದ. ಸಾಕ್ಷ್ಯವನ್ನು ಹೊರಗೆ ಕಳಿಸಿ ಆ ಜಾಗದಲ್ಲಿ ತ್ಯಾಗವನ್ನು ಕೂರಿಸಲಾಯಿತು. ಆಮೇಲೆ ಆದದ್ದೇನು? 1997ರಲ್ಲಿ ಪ್ರಕಟವಾದ ಮೂಳೆಗಳ ಅಧ್ಯಯನ ಚಾಕುವಿನ ಗೀರುಗಳನ್ನು ಗುರುತಿಸಿತು. 2014ರಲ್ಲಿ ಎರೆಬಸ್ ಸಿಕ್ಕಿದ್ದು ಹಡಗೊಂದು ದಕ್ಷಿಣದಲ್ಲಿ ಮುಳುಗಿತೆಂದು ಇನ್ಯುಯಿಟ್ ಬಾಯ್ಮಾತು ತಲೆಮಾರುಗಳಿಂದ ಹೇಳುತ್ತಿದ್ದ ಪ್ರದೇಶದಲ್ಲೇ. 2016ರಲ್ಲಿ ಟೆರರ್ ಸಿಕ್ಕಿದ್ದು ಸ್ಯಾಮಿ ಕಾಗ್ವಿಕ್ ಎಂಬ ಇನ್ಯುಯಿಟ್, ಹಿಮದಿಂದ ಮರದ ಕಂಬವೊಂದು ಮೇಲೆದ್ದಿದ್ದನ್ನು ಹಿಂದೆ ಕಂಡಿದ್ದೆ ಎಂದು ಹೇಳಿದ ಮೇಲೆ. 2024ರಲ್ಲಿ ಡಿಎನ್‌ಎ ಪರೀಕ್ಷೆ, ಗೀರುಗಳಿದ್ದ ಒಂದು ದವಡೆ ಮೂಳೆ ಎರೆಬಸ್‌ನ ಕ್ಯಾಪ್ಟನ್ ಜೇಮ್ಸ್ ಫಿಟ್ಜ್‌ಜೇಮ್ಸ್‌ನದು ಎಂದು ಗುರುತಿಸಿತು. ನೂರಾ ಎಪ್ಪತ್ತು ವರ್ಷ ಇದ್ದದ್ದು ಮೌನವಲ್ಲ, ಕಿವುಡುತನ.

ಇನ್ನು ಮೊದಲನೆಯ ಸ್ಥಿತಿ, ನಿಜವಾದ ಖಾಲಿತನ. ಇಲ್ಲಾದರೂ ಕಾದಂಬರಿ ತುಂಬಲಿ ಎನ್ನಬಹುದೇ? 1888ರ ನವೆಂಬರಿನಲ್ಲಿ ಕಛ್‌ನ ಮಾಂಡವಿಯಿಂದ ಮುಂಬಯಿಗೆ ಹೊರಟ ವೈತರ್ಣ ಎಂಬ ಉಗಿಹಡಗು ಸೌರಾಷ್ಟ್ರದ ಕರಾವಳಿಯಾಚೆ ಚಂಡಮಾರುತಕ್ಕೆ ಸಿಕ್ಕಿ ಏಳುನೂರಕ್ಕೂ ಹೆಚ್ಚು ಜನರೊಂದಿಗೆ ಹೋಯಿತು. ಒಬ್ಬರೂ ಉಳಿಯಲಿಲ್ಲ, ಅವಶೇಷ ಸಿಗಲಿಲ್ಲ. ಹಡಗಿನಲ್ಲಿ ವಿದ್ಯುದ್ದೀಪಗಳಿದ್ದುದರಿಂದ ಜನ ಅದನ್ನು ವಿಜ್ಲಿ ಎಂದು ಕರೆಯುತ್ತಿದ್ದರು. ಗುಜರಾತಿಯಲ್ಲಿ ಇದರ ಮೇಲೆ ಹಾಡುಗಳು ಹುಟ್ಟಿದವು, ಝವೇರಚಂದ ಮೇಘಾಣಿ ಸಂಗ್ರಹಿಸಿದರು. 1954ರಲ್ಲಿ ಗುಣವಂತರಾಯ ಆಚಾರ್ಯರ ಕಾದಂಬರಿಯೂ ಬಂತು. ಜನಮನದಲ್ಲಿ ಈ ಹಡಗು ಕ್ಯಾಪ್ಟನ್ ಹಾಜಿ ಕಾಸಮ್‌ನ ಹೆಸರಿಗೆ ಅಂಟಿಕೊಂಡಿದೆ: ಹಾಜಿ ಕಾಸಮ್‌ನ ವಿಜ್ಲಿ. ದುರಂತದ ಹೊಣೆ, ಹೆಮ್ಮೆ, ಶಾಪ ಎಲ್ಲ ಒಬ್ಬ ಮನುಷ್ಯನ ಸುತ್ತ ಗಿರಕಿ ಹೊಡೆಯುತ್ತದೆ. ಸರ್ಕಾರಿ ವಿಚಾರಣೆ ಮಾತ್ರ ಬೇರೊಂದನ್ನು ಎತ್ತಿತು: ಹಡಗಿನಲ್ಲಿ ಸಾಕಷ್ಟು ಜೀವರಕ್ಷಕ ದೋಣಿಗಳಿರಲಿಲ್ಲ, ಜಾಕೆಟ್ಟುಗಳಿರಲಿಲ್ಲ. ಕೊನೆಯ ರಾತ್ರಿ ಡೆಕ್ಕಿನ ಮೇಲೆ ಏನಾಯಿತು ಎಂಬುದು ಖಾಲಿ ನಿಜ. ಆದರೆ ಅಷ್ಟು ಜನ ಏಕೆ ಸತ್ತರು ಎಂಬ ಪ್ರಶ್ನೆಗೆ ಉತ್ತರ ಆ ರಾತ್ರಿಯಲ್ಲಿ ಇಲ್ಲ. ಅದು ಹಡಗು ಕಂಪನಿಯ ಲೆಕ್ಕದಲ್ಲಿ, ಬಂದರಿನ ನಿಯಮದಲ್ಲಿ, ಹಡಗು ಹೊರಡುವ ಮೊದಲೇ ಇತ್ತು.

ಇಲ್ಲಿ ನಾವು ಪ್ರಕಾರದ ಸ್ವಭಾವಕ್ಕೇ ಬರುತ್ತೇವೆ. ರೋಚಕ ಕಾದಂಬರಿಗೆ ಒಬ್ಬ ಕರ್ತೃ ಬೇಕು: ಯಾರೋ ಬಚ್ಚಿಟ್ಟ ಸರಕು, ಯಾರೋ ಹೂಡಿದ ಸಂಚು, ಯಾರಿಗೋ ಗೊತ್ತಿರುವ ಗುಟ್ಟು. ಪುಟ ತಿರುಗಿಸುವ ಬೆರಳನ್ನು ಎಳೆಯುವುದೇ ಯಾರು ಎಂಬ ಪ್ರಶ್ನೆ. ಕಡಲ ಅವಘಡಗಳ ವಿಚಾರಣಾ ವರದಿಗಳನ್ನು ಓದಿದರೆ ಸಿಗುವುದು ಬಹಳಷ್ಟು ಸಲ ಬೇರೆಯೇ ಸಾಮಗ್ರಿ: ಕಟ್ಟಿಕೊಂಡ ಪಂಪು, ಮಿತಿಮೀರಿ ಹೇರಿದ ಹೊರೆ, ದುರಸ್ತಿ ಮುಂದೂಡಿದ ಮಾಲೀಕ, ತಡವಾಗಿ ತಲುಪಿದ ಹವಾಮಾನ ಸೂಚನೆ. ಹತ್ತು ಚಿಕ್ಕ ಕಾರಣಗಳು ಒಂದೇ ರಾತ್ರಿ ಒಟ್ಟು ಸೇರುತ್ತವೆ. ಇವುಗಳಲ್ಲಿ ಯಾವುದಕ್ಕೂ ಮುಖವಿಲ್ಲ. ಆದ್ದರಿಂದ ಈ ಪ್ರಕಾರ ಖಾಲಿ ಜಾಗವನ್ನು ತುಂಬುವಾಗ ತಟಸ್ಥವಾಗಿರುವುದಿಲ್ಲ. ಇರುವ ಸಾಧ್ಯತೆಗಳಲ್ಲಿ ಉದ್ದೇಶವಿರುವುದನ್ನೇ, ಸಂಚಿರುವುದನ್ನೇ ಪ್ರತಿ ಸಲವೂ ಆರಿಸುತ್ತದೆ. ಇದು ಒಬ್ಬ ಲೇಖಕನ ದೋಷವಲ್ಲ, ಮಾಧ್ಯಮದ ಒತ್ತಡ. ಆದರೆ ಪ್ರತಿ ಸಲವೂ ಒಂದೇ ಕಡೆ ವಾಲುವ ತಕ್ಕಡಿಯನ್ನು ತೂಕಕ್ಕೆ ಬಳಸುವವರಿಲ್ಲ. ಸಾಧ್ಯತೆಯೊಂದನ್ನು ಇಡುತ್ತಿದ್ದಾನೆ ಎಂಬ ಸಮರ್ಥನೆ ಇಲ್ಲಿ ಬಿದ್ದುಹೋಗುತ್ತದೆ. ಇಡುತ್ತಿರುವುದು ಆ ಪ್ರಕಾರಕ್ಕೆ ಒಗ್ಗುವ ಸಾಧ್ಯತೆ ಮಾತ್ರ, ಅದು ಹೆಚ್ಚಾಗಿ ನಡೆದಿರುವ ಸಂಭವ ಕಡಿಮೆ ಇರುವಂಥದು.

ಇದಕ್ಕೆ ಮೊದಲ ಆಕ್ಷೇಪ: ಓದುಗ ದಡ್ಡನಲ್ಲ, ಕಾದಂಬರಿಯನ್ನು ಕಾದಂಬರಿ ಎಂದೇ ಓದುತ್ತಾನೆ. ಕಥಾವಸ್ತುವಿನ ಮಟ್ಟಿಗೆ ಈ ಮಾತು ಸರಿ. ಡಾಯ್ಲ್‌ನ ಖಳನಾಯಕ ನಿಜವಾಗಿ ಇದ್ದನೆಂದು ಇಂದು ಯಾರೂ ನಂಬುವುದಿಲ್ಲ. ಆದರೆ ದೋಣಿಗಳು ತಮ್ಮ ಜಾಗದಲ್ಲೇ ಇದ್ದವೆಂದು ನಂಬಿದವರು ಎಷ್ಟೋ ಜನ. ಓದುಗ ಕಥೆಯನ್ನು ಅನುಮಾನದಿಂದ ನೋಡುತ್ತಾನೆ, ಕಥೆಯ ಸುತ್ತಲಿನ ಸಾಮಾನುಗಳನ್ನು ಅನುಮಾನಿಸುವುದಿಲ್ಲ. ಈ ಪ್ರಕಾರ ತನ್ನ ಓದುಗನನ್ನು ಹಾಗೆಯೇ ತರಬೇತಿಗೊಳಿಸುತ್ತದೆ: ಮೊದಲ ಪುಟದಲ್ಲೇ ತಾರೀಖು, ಅಕ್ಷಾಂಶ ರೇಖಾಂಶ, ಹಡಗಿನ ತೂಕ, ಎಂಜಿನಿನ ಶಕ್ತಿ. ಈ ಅಂಕಿಗಳು ನಿಜವಾದ್ದರಿಂದಲೇ ಪಕ್ಕದಲ್ಲಿರುವ ಕಲ್ಪಿತ ಸಂಗತಿಗೆ ನಿಜದ ಬಣ್ಣ ಬರುತ್ತದೆ. ಸಂಶೋಧನೆ ಮಾಡಿ ಬರೆದ ಕಾದಂಬರಿ ಹೆಚ್ಚು ಜವಾಬ್ದಾರಿಯದು ಎಂಬ ನಂಬಿಕೆಯನ್ನು ಈ ಬೆಳಕಿನಲ್ಲಿ ತಿರುಗಿಸಿ ನೋಡಬೇಕಾಗುತ್ತದೆ. ಡ್ಯಾನ್ ಸಿಮನ್ಸ್ 2007ರಲ್ಲಿ ಫ್ರಾಂಕ್ಲಿನ್ ಯಾತ್ರೆಯ ಮೇಲೆ ಬರೆದ ದಪ್ಪ ಕಾದಂಬರಿಯಲ್ಲಿ ಹಿಮದ ಮೇಲೆ ಬೇಟೆಯಾಡುವ ಒಂದು ರಾಕ್ಷಸ ಪ್ರಾಣಿಯಿದೆ. ಇತಿಹಾಸಕ್ಕೆ ಅಪಚಾರ ಎಂದು ಮೊದಲು ಅನಿಸುವುದು ಅದನ್ನು ಕಂಡೇ. ನನಗೆ ಹಾಗನಿಸುವುದಿಲ್ಲ. ಆ ರಾಕ್ಷಸ ಇತಿಹಾಸದಲ್ಲಿ ಇದ್ದನೆಂದು ಯಾವ ಓದುಗನೂ ಪುಸ್ತಕ ಮುಚ್ಚಿದ ಮೇಲೆ ನಂಬುವುದಿಲ್ಲ. ಸುಳ್ಳು ತಾನು ಸುಳ್ಳೆಂದು ಎದ್ದು ಹೇಳುತ್ತದೆ. ಅಪಾಯ ಇರುವುದು ನಂಬಬಹುದಾದಷ್ಟು ಚಿಕ್ಕದಾದ, ಒಂದು ದೋಣಿಯಷ್ಟು ಚಿಕ್ಕದಾದ ಸೇರ್ಪಡೆಗಳಲ್ಲಿ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಇತಿಹಾಸಕಾರನೂ ಊಹಿಸುತ್ತಾನೆ, ಅವನೂ ತಪ್ಪುತ್ತಾನೆ, ಹಾಗಾದರೆ ಕಾದಂಬರಿಕಾರನೊಬ್ಬನನ್ನೇ ಏಕೆ ಕಟಕಟೆಗೆ ಎಳೆಯಬೇಕು? ಟೈಟಾನಿಕ್ ಇದಕ್ಕೆ ಒಳ್ಳೆಯ ಪರೀಕ್ಷೆ. ಹಡಗು ಮುಳುಗುವಾಗ ಎರಡಾಗಿ ಸೀಳಿತು ಎಂದು ಬದುಕುಳಿದ ಕೆಲವರು 1912ರಲ್ಲೇ ಹೇಳಿದ್ದರು. ಬ್ರಿಟಿಷ್ ವಿಚಾರಣೆ ಅದನ್ನು ಒಪ್ಪದೆ, ಹಡಗು ಇಡಿಯಾಗಿಯೇ ಮುಳುಗಿತು ಎಂದು ತೀರ್ಮಾನಿಸಿತು. ಕ್ಲೈವ್ ಕಸ್ಲರ್ 1976ರಲ್ಲಿ ಟೈಟಾನಿಕ್ಕನ್ನು ಕಡಲ ತಳದಿಂದ ಮೇಲೆತ್ತುವ ಪ್ರಸಿದ್ಧ ಕಾದಂಬರಿ ಬರೆದಾಗ ದಾಖಲೆಗೆ ನಿಷ್ಠನಾಗಿಯೇ ಇದ್ದ. ಇಡೀ ಹಡಗನ್ನೇ ಮೇಲೆತ್ತಿದ. 1985ರ ಸೆಪ್ಟೆಂಬರ್ 1ರಂದು ರಾಬರ್ಟ್ ಬಲ್ಲಾರ್ಡ್ ಮತ್ತು ಝಾನ್ ಲೂಯಿ ಮಿಶೆಲ್ ಅವರ ತಂಡ ಸುಮಾರು 3,800 ಮೀಟರ್ ಆಳದಲ್ಲಿ ಹಡಗನ್ನು ಕಂಡಿತು. ಮುಂಭಾಗಕ್ಕೂ ಹಿಂಭಾಗಕ್ಕೂ ನಡುವೆ ಸುಮಾರು 600 ಮೀಟರ್ ಅಂತರವಿತ್ತು. ತಪ್ಪು ಇಬ್ಬರದೂ, ಒಪ್ಪೋಣ. ವ್ಯತ್ಯಾಸ ತಪ್ಪಿನಲ್ಲಿಲ್ಲ, ತಪ್ಪಿನ ಆಮೇಲಿನ ಗತಿಯಲ್ಲಿದೆ. ಇತಿಹಾಸ ತನ್ನ ಹೇಳಿಕೆಯನ್ನು ಹಿಂದಕ್ಕೆ ಪಡೆಯಿತು; ಅಂದು ಕಡೆಗಣಿಸಿದ ಸಾಕ್ಷಿಗಳಿಗೆ ತಡವಾಗಿಯಾದರೂ ನ್ಯಾಯ ಸಿಕ್ಕಿತು. ಕಾದಂಬರಿ ಹಿಂದಕ್ಕೆ ಪಡೆಯಲಾರದು, ಪಡೆಯಬೇಕಾಗಿಯೂ ಇಲ್ಲ. ಹಡಗು ಅಲ್ಲಿ ಎಂದೆಂದಿಗೂ ಇಡಿಯಾಗಿ ಮೇಲೇಳುತ್ತಲೇ ಇರುತ್ತದೆ. ಕಾದಂಬರಿಗೆ ಇದು ಕುಂದಲ್ಲ. ಆದರೆ ತಿದ್ದಲು ಬಾರದ ಹೇಳಿಕೆಯನ್ನು ತಿದ್ದಬಹುದಾದ ಹೇಳಿಕೆಯ ಬದಲಿಗೆ ಇಡಲು ಬರುವುದಿಲ್ಲ. ಇತಿಹಾಸದ ಜಾಗ ತುಂಬುವ ಅರ್ಹತೆಯೇ ಅದಕ್ಕೆ ಇಲ್ಲ.

ಕಸ್ಲರ್‌ನ ಅಭಿಮಾನಿಗಳು ಇಲ್ಲಿ ಮೂರನೆಯ ಮಾತು ಎತ್ತುತ್ತಾರೆ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಾದಂಬರಿಗಳಿಂದ ಬಂದ ಹಣ ಮತ್ತು ಹೆಸರನ್ನು ಅವನು ನಿಜವಾದ ಮುಳುಗುಹಡಗುಗಳ ಶೋಧಕ್ಕೆ ಹಾಕಿದ. 1864ರ ಫೆಬ್ರವರಿಯಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಶತ್ರು ಹಡಗನ್ನು ಮುಳುಗಿಸಿ ತಾನೂ ಮರಳದ ಹನ್ಲಿ ಎಂಬ ಜಲಾಂತರ್ಗಾಮಿಯನ್ನು ಅವನ ಸಂಸ್ಥೆಯ ತಂಡ 1995ರಲ್ಲಿ ಚಾರ್ಲ್ಸ್‌ಟನ್ ಬಳಿ ಪತ್ತೆ ಮಾಡಿತು. 2000ದಲ್ಲಿ ಅದನ್ನು ಮೇಲೆತ್ತಿ ಒಳಗಿನ ಹೂಳು ತೆಗೆದಾಗ ಎಂಟೂ ಜನರ ಅವಶೇಷ ಅವರವರು ಕೂತು ಕೆಲಸ ಮಾಡುತ್ತಿದ್ದ ಜಾಗದಲ್ಲೇ ಇದ್ದವು. ಬಾಗಿಲ ಕಡೆ ಓಡಿ ಬಂದವರು ಯಾರೂ ಇಲ್ಲ. ಆ ಒಂದು ವಿವರ ಎಷ್ಟು ಪ್ರಶ್ನೆ ಎಬ್ಬಿಸುತ್ತದೆ! ಇಂಥ ಕೆಲಸಕ್ಕೆ ದಾರಿ ಮಾಡಿದ ಕಾದಂಬರಿಗಳ ಋಣ ದೊಡ್ಡದು. ಆದರೆ ಈ ಉದಾಹರಣೆ ಯಾವ ಪಕ್ಷಕ್ಕೆ ಸಾಕ್ಷಿ ಎಂಬುದನ್ನು ಗಮನಿಸಬೇಕು. ಹನ್ಲಿ ಸಿಕ್ಕಿದ್ದು ಖಾಲಿ ಜಾಗವನ್ನು ಕಥೆಯಿಂದ ತುಂಬಲು ಒಪ್ಪದೆ, ವರ್ಷಗಟ್ಟಲೆ ಕಡಲ ತಳವನ್ನು ಉಪಕರಣದಿಂದ ಜಾಲಾಡಿದ್ದರಿಂದ. ಒಬ್ಬನೇ ಮನುಷ್ಯ ಎರಡೂ ಕೆಲಸ ಮಾಡಿದ ಎಂದ ಮಾತ್ರಕ್ಕೆ ಎರಡೂ ಒಂದೇ ಕೆಲಸವಾಗುವುದಿಲ್ಲ.

ಹಾಗಾದರೆ ಕಡಲ ದುರಂತದಿಂದ ಕಾದಂಬರಿ ಪಡೆಯಬಹುದಾದದ್ದೇನು? ಜೋಸೆಫ್ ಕಾನ್ರಾಡ್ 1900ರಲ್ಲಿ ಪ್ರಕಟಿಸಿದ ಲಾರ್ಡ್ ಜಿಮ್‌ನ ಹಿಂದೆ ಜೆಡ್ಡಾ ಎಂಬ ಉಗಿಹಡಗಿನ ಪ್ರಕರಣವಿದೆ. 1880ರ ಆಗಸ್ಟಿನಲ್ಲಿ 900ಕ್ಕೂ ಹೆಚ್ಚು ಹಜ್ ಯಾತ್ರಿಗಳನ್ನು ಹೊತ್ತು ಸಿಂಗಪುರ, ಪೆನಾಂಗ್ ಕಡೆಯಿಂದ ಬರುತ್ತಿದ್ದ ಅದು ಗ್ವಾರ್ಡಫುಯಿ ಭೂಶಿರದ ಬಳಿ ಬಿರುಗಾಳಿಗೆ ಸಿಕ್ಕಿ ನೀರು ತುಂಬತೊಡಗಿತು. ಕ್ಯಾಪ್ಟನ್ ಮತ್ತು ಬಿಳಿಯ ಅಧಿಕಾರಿಗಳು ಯಾತ್ರಿಗಳನ್ನು ಬಿಟ್ಟು ದೋಣಿ ಹತ್ತಿ ಪಾರಾದರು, ಏಡನ್ ತಲುಪಿ ಹಡಗು ಮುಳುಗಿತು ಎಂದರು. ಯಾತ್ರಿಗಳು ಹಿಂಸೆಗಿಳಿದಿದ್ದರು ಎಂಬ ದೂರೂ ಜತೆಗಿತ್ತು. ಅದರ ಬೆನ್ನಿಗೇ ಜೆಡ್ಡಾ ಇನ್ನೊಂದು ಹಡಗಿನ ಆಸರೆಯಲ್ಲಿ ಯಾತ್ರಿಗಳ ಸಮೇತ ಏಡನ್ ಸೇರಿತು. ವಿಚಾರಣೆಯಾಯಿತು, ಎಲ್ಲವೂ ಪತ್ರಿಕೆಗಳಲ್ಲಿ ಬಂತು. ಇಲ್ಲಿ ಖಾಲಿ ಜಾಗವೇ ಇಲ್ಲ, ಮತ್ತು ಕಾನ್ರಾಡ್‌ಗೆ ಅದು ಬೇಕಿರಲೂ ಇಲ್ಲ. ಹಡಗಿಗೆ ಏನಾಯಿತು ಎಂಬುದನ್ನು ಕಾದಂಬರಿ ಅರ್ಧ ದಾರಿಗೆ ಮುಂಚೆಯೇ ಹೇಳಿಬಿಡುತ್ತದೆ. ಹಾರಬಾರದೆಂದು ತಿಳಿದವನೊಬ್ಬ ಏಕೆ ಹಾರಿದ, ಹಾರಿದ ಮೇಲೆ ಹೇಗೆ ಬದುಕಿದ ಎಂಬುದು ಅದರ ಪ್ರಶ್ನೆ, ಮತ್ತು ಅದನ್ನು ಯಾವ ವಿಚಾರಣಾ ಮಂಡಳಿಯೂ ಕೇಳಲಾರದು. ಕುತೂಹಲಕ್ಕೆ ಸಂಚು ಬೇಕಾಗಲಿಲ್ಲ. ಆದರೂ ನನಗೆ ಆ ಕಾದಂಬರಿಯ ಮೇಲೆ ಒಂದು ತಕರಾರಿದೆ: ಹಡಗಿನಲ್ಲೇ ಉಳಿದ ಯಾತ್ರಿಗಳು ಅಲ್ಲಿ ಒಂದು ಗುಂಪಾಗಿ, ಹಿನ್ನೆಲೆಯಾಗಿ ಮಾತ್ರ ಇದ್ದಾರೆ. ದೋಣಿ ಇಳಿಯುವುದನ್ನು ಡೆಕ್ಕಿನಿಂದ ನೋಡಿದ ಅಷ್ಟು ಕಣ್ಣುಗಳಲ್ಲಿ ಒಂದಕ್ಕೂ ಮಾತು ಸಿಗಲಿಲ್ಲ. ಖಾಲಿ ಜಾಗ ಎನ್ನುವ ಹೆಸರಿಗೆ ಯೋಗ್ಯವಾದದ್ದು ಇದು, ಮತ್ತು ಇದು ಸಾಹಸ ಕಾದಂಬರಿಕಾರರು ಸಾಮಾನ್ಯವಾಗಿ ಹುಡುಕುವ ಜಾಗವಲ್ಲ.

ಈ ವಿಚಾರ ನಮ್ಮ ಕರಾವಳಿಗೆ ದೂರದ್ದಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಏಳು ಮೀನುಗಾರರೊಂದಿಗೆ ಹೊರಟ ಸುವರ್ಣ ತ್ರಿಭುಜ ಎಂಬ ಆಳಸಮುದ್ರ ಬೋಟು ಎರಡು ದಿನಗಳ ಮೇಲೆ ಸಂಪರ್ಕ ಕಳೆದುಕೊಂಡಿತು. ಆಮೇಲಿನ ನಾಲ್ಕೂವರೆ ತಿಂಗಳು ಉಡುಪಿಯಿಂದ ಉತ್ತರ ಕನ್ನಡದವರೆಗೆ ಊಹೆಗಳೇ ಊಹೆಗಳು. ಅಪಹರಣವಾಗಿದೆ ಎಂಬ ಮಾತನ್ನು ಬಹಳ ಜನ ನಂಬಿದ್ದರು. ಸಾವಿರಾರು ಮೀನುಗಾರರು ರಸ್ತೆಗಿಳಿದು, ಹುಡುಕಿಕೊಡಿ ಎಂದು ಕೇಳಿದರು. 2019ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ, ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಕಂಡಿತು. ಏಳು ಮಂದಿ ಮರಳಲಿಲ್ಲ. ಇದರ ಮೇಲೆ ಕನ್ನಡದಲ್ಲಿ ರೋಚಕ ಕಾದಂಬರಿ ಬರೆಯಲು ಹೊರಟವರ ಕೈಗೆ ಮೊದಲು ಸಿಗುವುದು ಆ ಕೊನೆಯ ರಾತ್ರಿ: ಕಡಲ್ಗಳ್ಳರು, ಕಳ್ಳಸಾಗಣೆ, ಕಾಣದ ಕೈ. ಅದನ್ನು ಬರೆಯಲು ಮಲ್ಪೆಗೆ ಹೋಗಬೇಕಾಗಿಯೂ ಇಲ್ಲ.

ನನಗೆ ಓದಬೇಕೆನಿಸುವ ಕಾದಂಬರಿ ಆ ರಾತ್ರಿಯ ಆಚೆಗೆ ಶುರುವಾಗುತ್ತದೆ. ವೈರ್‌ಲೆಸ್‌ನಲ್ಲಿ ಉತ್ತರ ಬರದಾದಾಗ ಪಕ್ಕದಲ್ಲಿ ಬಲೆ ಬಿಟ್ಟಿದ್ದ ಬೋಟಿನ ತಂಡೇಲನಿಗೆ ಅದು ಯಾವಾಗ ಅನುಮಾನವಾಯಿತು, ಅವನು ಯಾರಿಗೆ ಹೇಳಿದ, ಹೇಳಿದ್ದನ್ನು ಯಾವ ಕಚೇರಿ ಎಷ್ಟು ಹೊತ್ತಿಗೆ ಬರೆದುಕೊಂಡಿತು. ರಾಜ್ಯದ ಗಡಿ ದಾಟಿದ ಹುಡುಕಾಟಕ್ಕೆ ಯಾರ ಆದೇಶ ಬೇಕಾಯಿತು. ಮನೆಗಳಲ್ಲಿ ಆ ನಾಲ್ಕೂವರೆ ತಿಂಗಳು ಏನನ್ನು ನಂಬಬೇಕಿತ್ತು: ಅಪಹರಣವೆಂದರೆ ಮನುಷ್ಯ ಬದುಕಿದ್ದಾನೆ, ಮುಳುಗಡೆಯೆಂದರೆ ಇಲ್ಲ. ಊರು ಅಪಹರಣದ ಮಾತನ್ನು ಅಷ್ಟು ಗಟ್ಟಿಯಾಗಿ ಹಿಡಿದದ್ದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ, ಮತ್ತು ಸಂಚಿನ ಕಥೆಗಳಿಗೆ ಮನುಷ್ಯ ಏಕೆ ಮರಳಿ ಮರಳಿ ಹೋಗುತ್ತಾನೆ ಎಂಬುದಕ್ಕೂ. ಅಂದು ಜಾರಿಯಲ್ಲಿದ್ದ ಸಾಕ್ಷ್ಯ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕಾಣೆಯಾದವನು ಬದುಕಿದ್ದರೆ ಸುದ್ದಿ ತಿಳಿಯಬೇಕಾದವರಿಗೇ ಏಳು ವರ್ಷ ಸುದ್ದಿ ಬಾರದ ಮೇಲಷ್ಟೇ, ಅವನು ಬದುಕಿದ್ದಾನೆ ಎನ್ನುವವರು ಅದನ್ನು ಸಾಬೀತು ಮಾಡಬೇಕಾಗುತ್ತದೆ. ಅಲ್ಲಿಯವರೆಗೆ, ಬೇರೆ ಆಧಾರ ಸಿಗದ ಹೊರತು, ಕಾಗದದ ಮೇಲೆ ಮನುಷ್ಯ ಇದ್ದಾನೆ. ಬ್ಯಾಂಕಿನ ಖಾತೆ, ಪಡಿತರ ಚೀಟಿ, ಮನೆ ಕಟ್ಟಲು ಮಾಡಿದ ಸಾಲ, ತಂಗಿಯ ಮದುವೆಯ ಮಾತುಕತೆ ಎಲ್ಲವೂ ಆ ಇದ್ದಾನೆ ಎಂಬ ಪದದ ಮುಂದೆ ನಿಲ್ಲುತ್ತವೆ. ಇದರಲ್ಲಿ ಪುಟ ತಿರುಗಿಸುವ ಕುತೂಹಲಕ್ಕೆ ಏನೂ ಕೊರತೆಯಿಲ್ಲ. ಬೇಕಾದ ಸಾಕ್ಷಿಗಳೂ ಬದುಕಿದ್ದಾರೆ, ಮಲ್ಪೆಯ ದಕ್ಕೆಯಲ್ಲಿ ಮೀನು ಇಳಿಸುತ್ತಿದ್ದಾರೆ, ಕೇಳಿದರೆ ಹೇಳುತ್ತಾರೆ.